ಬೀಗದ ಕಿಂಡಿ

ನಮ್ಮ ಪೋಲಿಷಿನಲ್ಲಿ ವೂಚ್ ಅಂದರೆ ದೋಣಿ.
ಊರಿಗೆ ಆ ಹೆಸರು, ನದಿ ಮಾತ್ರ ಕಾಣುವುದಿಲ್ಲ;
ಎಲ್ಲ ನೆಲದಡಿಯ ಇಟ್ಟಿಗೆ ಕೊಳವೆಗಳಲ್ಲಿ.
ಹದಿನೆಂಟು ವರ್ಷದಿಂದ ಅವುಗಳ ಹೂಳೆತ್ತುವವನು ನಾನು.

ಡಾಕ್ಟರ್ ಯಾದ್ವಿಗಾ ಪರದೆಗೆ ಬೆರಳಿಟ್ಟರು:
ಉಬ್ಬಿದ ಮೂತ್ರಕೋಶ, ಕೆಳಗೊಂದು ಬಾಲ,
ಥೇಟು ಬೀಗದ ಕಿಂಡಿ.
ಹೊರದಾರಿಗೆ ಅಡ್ಡ ಒಂದು ಪೊರೆಯಂತೆ.
ಎಷ್ಟು ದಪ್ಪ ಎಂದೆ.
ಈರುಳ್ಳಿ ಸಿಪ್ಪೆಯಷ್ಟೂ ಇಲ್ಲ ಎಂದರು.

ಮಗು ಈಜುವ ನೀರು ಮಗುವೇ ಹೊಯ್ದ ಉಚ್ಚೆ.
ಇದು ನನಗೆ ಗೊತ್ತಿರಲಿಲ್ಲ.
ಕುಡಿದು, ಹೊಯ್ದು, ಮತ್ತೆ ಕುಡಿದು
ಅದರಲ್ಲೇ ಶ್ವಾಸಕೋಶಕ್ಕೆ ಉಸಿರಿನ ಪಾಠವಂತೆ.
ಬೊಗುಮಿವಾಳ ಹೊಟ್ಟೆಯಲ್ಲಿ ಈಗ
ಕರವಸ್ತ್ರ ನೆನೆಯುವಷ್ಟೂ ನೀರಿಲ್ಲ.

ಮೂರು ಸಲ ಸೂಜಿ. ಮೂರು ಶೀಶೆ.
ಉಪ್ಪು ಕಡಿಮೆಯಿದ್ದರೆ ಮೂತ್ರಪಿಂಡ ಇನ್ನೂ ದುಡಿಯುತ್ತಿದೆ ಎಂದರ್ಥ.
ಮೋರಿಯ ನೀರನ್ನು ಹೀಗೇ ಬಾಟಲಿಗೆ ಹಿಡಿದು
ಲ್ಯಾಬಿಗೆ ಕಳಿಸಿದ್ದೇನೆ ನಾನು,
ಒಮ್ಮೆಯೂ ಕೈ ನಡುಗಿರಲಿಲ್ಲ.
ಮೂರನೆಯದರಲ್ಲಿ ಉಪ್ಪು ಇಳಿದಿತ್ತು.

ಆಮೇಲೆ ಕೊಳವೆ:
ಎರಡು ತುದಿಯೂ ಸುರುಳಿ, ಹಂದಿಬಾಲದ ಹಾಗೆ,
ಒಂದು ಮಗುವಿನ ಒಳಗೆ, ಒಂದು ಹೊರಗೆ.
ಜಾರಬಹುದು, ಮಗುವೇ ಕಿತ್ತುಹಾಕಬಹುದು
ಎಂದರು ಡಾಕ್ಟರ್; ಮಾತು ಕೊಡಲಿಲ್ಲ.
ಕೀಳಲಿ, ಅಪ್ಪನ ಮಗ, ಮತ್ತೆ ಹಾಕಿ
ಎಂದಳು ಬೊಗುಮಿವಾ, ಹಲ್ಲು ಕಚ್ಚಿ.

ಮುಂದಿನ ಗುರುವಾರ ಪರದೆಯಲ್ಲಿ
ಮಗುವಿನ ಮೊಣಕಾಲ ಬಳಿ ಕಪ್ಪು.
ಅಲ್ಲಿ ನೀರು ಕಾಣುವುದೇ ಕಪ್ಪಾಗಿ.
ಹೆಬ್ಬೆರಳ ಉಗುರಿನಷ್ಟು ಕೆರೆ.

ರಾತ್ರಿ ಪಾಳಿಗೆ ಹೋಗಿ ಮುಚ್ಚಳ ಎತ್ತಿದೆ.
ಕೆಳಗೆ ಕತ್ತಲು ಹರಿಯುವ ಸದ್ದು.
ಇಳಿಯದೆ, ಸುಮ್ಮನೆ ಕೇಳುತ್ತ ಕೂತೆ.