ಬಜರಾವಿಯಾಗೆ ಬರುವವರಿಗೆ

ಬಿಸಿಲೇರುವ ಮೊದಲೇ ಬನ್ನಿ.
ಅತ್ಬರಾ ರಸ್ತೆಯಲ್ಲಿ ಇಲ್ಲೇ ಇಳಿಸಪ್ಪಾ ಎಂದರೆ
ಬಸ್ಸಿನವನು ಗೊಣಗುತ್ತಾನೆ. ಗೊಣಗಲಿ.
ಇಳಿದು ಮೂಡಲಿಗೆ ತಿರುಗಿ.
ದಿಬ್ಬದ ಮೇಲೆ ಮುರಿದ ಹಲ್ಲಿನ ಸಾಲು ಕಂಡರೆ
ಅವೇ ಪಿರಮಿಡ್ಡುಗಳು. ಇನ್ನು ದಾರಿ ಕೇಳಬೇಡಿ,
ಕೇಳೋಣವೆಂದರೂ ಅಲ್ಲಿ ಯಾರಿರುವುದಿಲ್ಲ.

ಬೂಟು ಬೇಡ, ಚಪ್ಪಲಿ ಸಾಕು.
ಮರಳು ಹೇಗೂ ಒಳಗೆ ಬರುತ್ತದೆ,
ಬಂದದ್ದಕ್ಕೆ ಹೋಗಲೂ ದಾರಿ ಬೇಕಲ್ಲ.
ನೀರು, ತಲೆಗೆರಡು ಬಾಟಲಿ.
ಒಂದು ನಿಮಗೆ. ಇನ್ನೊಂದು ಯಾಕೆಂದು
ಬಂದ ಮೇಲೆ ಹೇಳುತ್ತೇನೆ.

ನಾನು ತಾಜಲ್‌ಸಿರ್, ಗೇಟಿನ ಕಾವಲುಗಾರ,
ಅಪ್ಪನೂ ಇದೇ ಗೇಟಿನವನು.
ಗೇಟೆಂದರೆ ಎರಡು ಕಂಬ, ಒಂದು ಸರಪಳಿ,
ಅತ್ತ ಬಯಲು, ಇತ್ತ ಬಯಲು.
ಆದರೂ ದಯವಿಟ್ಟು
ಗೇಟಿನಿಂದಲೇ ಬನ್ನಿ.

ಎರಡು ಸಾವಿರ ವರ್ಷದ ಗೋರಿಗಳು, ಕೆಲವು ಇನ್ನೂ ಹಳೆಯವು.
ಅರಸರವು, ಅರಸಿಯರವು.
ಅರಸಿಗೆ ಆಗಿನವರು ಕಂದಾಕೆ ಎನ್ನುತ್ತಿದ್ದರು.
ಗೋಡೆಯಲ್ಲಿದ್ದಾಳೆ ನೋಡಿ:
ಒನಕೆಯಂಥ ತೋಳು, ಕಣಜದಂಥ ಸೊಂಟ.
ತೆಳ್ಳಗಿದ್ದರೆ ರಾಜ್ಯ ಆಳಲಾಗುತ್ತದೆಯೇ
ಅನ್ನುತ್ತಿದ್ದಳು ನನ್ನ ಬತೂಲ್, ಚಹಾ ಬಸಿಯುತ್ತ,
ಬಳುಕುವ ಪರದೇಶಿ ಹೆಂಗಸರಿಗೆ
ಒಂದು ಚಮಚ ಸಕ್ಕರೆ ಹೆಚ್ಚು ಹಾಕುತ್ತ.

ಕಲ್ಲು ಎತ್ತಿದ್ದು ಹೇಗೆಂದು ಎಲ್ಲರೂ ಕೇಳುತ್ತಾರೆ.
ಏತದಿಂದ. ಹೌದು, ನೀರೆತ್ತುವ ಅದೇ ಏತ.
ನಡುವೆ ಕಂಬ ನೆಟ್ಟು, ಸುತ್ತ ಕಟ್ಟುತ್ತ ಕಟ್ಟುತ್ತ
ಕಂಬವನ್ನೇ ಹೊಟ್ಟೆಗೆ ಹಾಕಿಕೊಂಡವಂತೆ.
ಪಂಡಿತರ ಮಾತು. ನಾನು ಒಪ್ಪಿದ್ದೇನೆ,
ನಮ್ಮಜ್ಜ ನೈಲ್ ದಂಡೆಯಲ್ಲಿ ಏತ ಜಗ್ಗಿದವನು,
ಅವನ ಭುಜ ನೋಡಿದ್ದರೆ ನೀವೂ ಒಪ್ಪುತ್ತಿದ್ದಿರಿ.

ಅಕ್ಷರಗಳನ್ನು ಮುಟ್ಟಬೇಡಿ.
ಓದಲು ಬರುತ್ತದೆ ಅವು, ಬಲ್ಲವರು ಉಚ್ಚರಿಸುತ್ತಾರೆ,
ಅರ್ಥ ಮಾತ್ರ ಬಹುಪಾಲು ಯಾರಿಗೂ ಗೊತ್ತಿಲ್ಲ.
ರೇಡಿಯೋದ ವಾರ್ತೆ ನನಗೆ
ಈಗೀಗ ಹಾಗೆಯೇ ಕೇಳಿಸುತ್ತದೆ.

ತುದಿಗಳೆಲ್ಲಿ ಅನ್ನುತ್ತೀರಿ.
ಇಟಲಿಯ ಒಬ್ಬ ವೈದ್ಯ ಬಂದಿದ್ದ, ಹತ್ತಿರ ಹತ್ತಿರ ಇನ್ನೂರು ವರ್ಷದ ಹಿಂದೆ.
ನೆತ್ತಿಯಿಂದ ಬಿಚ್ಚಿದ.
ಒಂದರಲ್ಲಿ ಅರಸಿಯ ಚಿನ್ನ ಸಿಕ್ಕಿತು, ಆಸೆ ಬೆಳೆಯಿತು.
ಆ ಬಳೆಗಳು ಈಗ ಜರ್ಮನಿಯಲ್ಲಿ ಗಾಜಿನೊಳಗಿವೆ.
(ಅಲ್ಲಿಗೆ ಹೋಗುವುದಾದರೆ ಬೂಟು ಹಾಕಿಕೊಳ್ಳಿ.)

ಯುದ್ಧ ಹತ್ತಿದ ಮೇಲೆ ಟಿಕೆಟ್ ಪುಸ್ತಕ ತೆರೆದಿರಲಿಲ್ಲ.
ಒಂಟೆಯವರು ಒಂಟೆ ಮಾರಿದರು.
ಮಣ್ಣಿನ ಪುಟ್ಟ ಗೋರಿ ಮಾರುತ್ತಿದ್ದ ಹುಡುಗರು
ಚಿನ್ನ ಅಗೆಯಲು ಹೋದರು.
ಹಾಗಿರುವಾಗ ಖಾರ್ಟೂಮಿನ ಒಂದು ಲಾರಿ
ರಸ್ತೆಯಲ್ಲಿ ಕೆಟ್ಟು ನಿಂತಿತು.
ಹಾಸಿಗೆ, ಕೊಡ, ಹೊಲಿಗೆ ಮಿಶಿನ್ನು, ಹನ್ನೊಂದು ಜನ.
ಅವರಲ್ಲೊಬ್ಬಳು ನೇರ ಗೇಟಿಗೇ ಬಂದಳು,
ಇಹ್ಸಾನ್ ಅಂತೆ, ಶಾಲೆಯ ಟೀಚರು.
‘ಇಪ್ಪತ್ತೆರಡು ವರ್ಷ ಈ ಜಾಗದ ಪಾಠ ಮಾಡಿದ್ದೇನೆ,
ನೋಡುತ್ತಿರುವುದು ಇವತ್ತೇ. ಟಿಕೆಟ್ ಎಷ್ಟು?’

ಬೇಡವೆಂದೆ. ಕೇಳಲಿಲ್ಲ.
ಪುಸ್ತಕ ಕೊಡವಿ ಹನ್ನೊಂದು ಹರಿದೆ,
ಮಸಿ ಒಣಗಿತ್ತು, ಬರೀ ಮುದ್ರೆ ಒತ್ತಿದೆ.
ನಾನು ಎರಡು ಕಡೆ ಇಸವಿ ತಪ್ಪು ಹೇಳಿದೆ,
ತಿದ್ದಿದಳು. ಒಂದು ಕಡೆ ಸರಿ ಹೇಳಿದ್ದನ್ನೂ ತಿದ್ದಿದಳು.
ಇರಲಿ ಅಂದುಕೊಂಡೆ, ಆ ಧ್ವನಿಗೆ
ಬಹಳ ದಿನದಿಂದ ತರಗತಿ ಸಿಕ್ಕಿರಲಿಲ್ಲ.

ಜೊತೆಗಿದ್ದ ಹುಡುಗಿ ಮೊಂಡು ನೆತ್ತಿಗಳನ್ನೇ ನೋಡುತ್ತಿದ್ದಳು.
‘ಇದನ್ನು ಒಡೆದದ್ದೂ ಅವರೇನಾ?’
ಅಲ್ಲಮ್ಮಾ, ಬೇರೆಯವರು, ಅಂದೆ.
ಆ ಉತ್ತರ ಸರಿಯೇ ಎಂದು
ಟೀಚರ ಮುಖ ನೋಡಿದೆ.
ಅವಳು ಚಪ್ಪಲಿ ಕಳಚಿ ನೋಡುತ್ತಿದ್ದಳು.

ಎರಡನೆಯ ಬಾಟಲಿ ಅದಕ್ಕೇ.
ತಿರುಗಿ ರಸ್ತೆಗಿಳಿದಾಗ ಲಾರಿಗಳು ಸಿಗುತ್ತವೆ,
ಯಾವ ಕೈ ಚಾಚಿತೋ ಆ ಕೈಗೆ ಕೊಡಿ.
ಹೋಗುವಾಗ ಸರಪಳಿ ಸಿಕ್ಕಿಸಿ.
ಚಪ್ಪಲಿ ಇಲ್ಲೇ ಕೊಡವಿಕೊಳ್ಳಿ,
ಒಂದಿಷ್ಟು ಮರಳಾದರೂ
ತನ್ನ ಜಾಗದಲ್ಲಿರಲಿ.