ನಡುವಿನ ಕಾಯಿ

ಟಿ ಸೊನ್ನೆಯಾಗುವಾಗ
ಆ ರೇಖೆಗೆ ನೋವಾಗಲ್ವಾ ಮಿಸ್, ಅಂದಳು ಸಬೀಹಾ.
ಟೀ ಮಾರುವವನು ತಿರುಗಿ ನೋಡಿದ.
ಅರಸೀಕೆರೆ ಜಂಕ್ಷನ್, ಎರಡನೇ ಪ್ಲಾಟ್‌ಫಾರಂ.
ಹಾಸನದ ಗಾಡಿ ನಲವತ್ತು ನಿಮಿಷ ತಡವೆಂದು
ಮೈಕು ಮೂರು ಭಾಷೆಯಲ್ಲಿ ವಿಷಾದಿಸಿತು.

ತರಗತಿಯಲ್ಲಿ ಇಷ್ಟೇ ಹೇಳಿದ್ದೆ:
ಮೂರನೇ ಘಾತದ ಒಂದು ವಕ್ರರೇಖೆ,
ಎಲ್ಲೂ ಮೊನೆಯಿಲ್ಲ, ಗಂಟಿಲ್ಲ, ಬೆಣ್ಣೆಯ ಹಾಗೆ.
ಸಮೀಕರಣದೊಳಗೆ ಟಿ ಎಂಬ ತಿರುಪು.
ಅದನ್ನು ಸೊನ್ನೆಯ ಕಡೆ ತಿರುಗಿಸುತ್ತ ಹೋದರೆ
ರೇಖೆ ಸೊರಗುತ್ತದೆ, ಮೊಣಕೈ ಮೂಡುತ್ತದೆ,
ಕೊನೆಗೆ ಮೂರು ನೇರ ಗೆರೆಗಳಾಗಿ ಮುರಿದು
ಒಂದನ್ನೊಂದು ಕಡಿದು ನಿಲ್ಲುತ್ತದೆ.
ಪುಸ್ತಕದಲ್ಲಿ ಇದಕ್ಕೆ ಅವನತಿ ಅಂತಾರೆ.
ನನಗೆ ಆ ಪದ ಹಿಡಿಸದು.

ನೋವಿನ ಬಗ್ಗೆ ಗೊತ್ತಿಲ್ಲ, ಅಂದೆ,
ಉಳಿಯುವುದರ ಬಗ್ಗೆ ಸ್ವಲ್ಪ ಗೊತ್ತು.
ಆ ಕಡಲೆಕಾಯಿ ಪೊಟ್ಟಣ ಕೊಡಿಲ್ಲಿ.

ಕಲ್ಲುಬೆಂಚಿನ ಮೇಲೆ ಜೋಡಿಸಿದೆವು:
ಕೆಳಗೆ ನಾಲ್ಕು, ಮೇಲೆ ಮೂರು, ಎರಡು, ಒಂದು.
ಅವಳ ಅಬ್ಬಾ ಮಂಡಿಯಲ್ಲಿ ಕೊಬ್ಬರಿ ಎಣಿಸುವವರು;
ಅವಳೂ ಒಂದು ಎನ್ನದೆ ಲಾಭ ಎಂದೇ ಶುರುಮಾಡಿ
ಹತ್ತಕ್ಕೆ ಬಂದು ನಿಂತಳು.
ಒಂದೊಂದು ಕಾಯಿ ಸಮೀಕರಣದ ಒಂದೊಂದು ಪದ.
ಯಾವ ಪದಕ್ಕೆ ಟಿ ಎಷ್ಟು ಸಲ ಅಂಟಿದೆಯೋ
ಕಾಯಿಯನ್ನು ಅಷ್ಟು ಎತ್ತರಕ್ಕೆ ಏರಿಸಿದ ಹಾಗೆ ನೆನೆಸಿಕೊ,
ಮೂಲೆಗೆ ಮೂರು, ಅಂಚಿಗೆ ಒಂದು, ನಡುವಿನದಕ್ಕೆ ಸೊನ್ನೆ.
ಅಡಿಯಿಂದ ಬಟ್ಟೆ ಬಿಗಿ.
ಮಡಿಕೆ ಬಿದ್ದಲ್ಲೆಲ್ಲ ಬೆಂಚು ಹರಿದು
ಒಂಬತ್ತು ಪುಟ್ಟ ತ್ರಿಕೋನ.
ನಡುವಿನ ಕಾಯಿಗೆ ಸುತ್ತ ಆರು ನೆಂಟರು.

ರೇಖೆಯ ಹೊಟ್ಟೆಯಲ್ಲಿ ಎಷ್ಟು ತೂತು ಎಂದು ಕೇಳಿದರೆ
ಒಳಗೆ ಬಿದ್ದ ಕಾಯಿ ಎಣಿಸು, ಸಾಕು.
ಮುರಿಯುವ ಮುಂಚೆ ಒಂದು. ಮುರಿದ ಮೇಲೂ ಒಂದು:
ಆ ಮೂರು ಗೆರೆಗಳ ಮೇಲೇ ನಡೆದು
ಒಂದು ಸುತ್ತು ಬರಬಹುದಲ್ಲ, ಅದೇ.
ಬೆಣ್ಣೆ ಹೋಯಿತು, ಸುತ್ತು ಹೋಗಲಿಲ್ಲ.
ಹಾಗಾಗಿ, ಬೇಕಾದ್ದು ತಿನ್ನು,
ನಡುವಿನದನ್ನು ಬಿಟ್ಟು.

ಅಷ್ಟರಲ್ಲಿ ಎಲ್ಲಿಂದಲೋ ಒಂದು ಮಗು,
ಸೋರುವ ಮೂಗು, ಒಂದೇ ಕಾಲಿಗೆ ಚಪ್ಪಲಿ,
ನಡುವಿನ ಕಾಯಿಯನ್ನೇ ಎತ್ತಿ
ಸಿಪ್ಪೆಸಮೇತ ಬಾಯಿಗೆ ತುರುಕಿಕೊಂಡು ಓಡಿತು.

ಅಯ್ಯೋ, ಅಂದೆ. ನನ್ನ ಇಪ್ಪತ್ತೆರಡು ವರ್ಷದ ಸರ್ವಿಸು
ಅಯ್ಯೋ ಅಂತು.
ಸಬೀಹಾ ಬೆಂಚನ್ನೇ ನೋಡುತ್ತಿದ್ದಳು.
ಈಗ ಸರಿಹೋಯ್ತು ಮಿಸ್,
ತೂತು ಅಂದಮೇಲೆ ಖಾಲಿ ಇರಬೇಕಲ್ವಾ.

ನಾನು ಹಳಿಗಳ ಕಡೆ ತಿರುಗಿದೆ.
ಬೀರೂರಿಗೆ ಒಂದು, ತಿಪಟೂರಿಗೆ ಒಂದು, ನನ್ನ ಹಾಸನಕ್ಕೆ ಒಂದು.
ಒಂದು ಬಿಂದುವಿನಿಂದ ಹೊರಟ ಎಳೆತಗಳನ್ನೆಲ್ಲ ಕೂಡಿದರೆ
ಸೊನ್ನೆ ಬರಬೇಕು, ಅದು ನಮ್ಮಲ್ಲಿಯ ಕಾನೂನು.
ಅದಕ್ಕೇ ಇರಬೇಕು ಈ ಊರು
ಯಾವ ಗಾಡಿಯ ಹಿಂದೆಯೂ ಹೊರಟುಬಿಡದೆ
ಇನ್ನೂ ಇದ್ದಲ್ಲೇ ಇದೆ.

ಗಾಡಿ ಹೊರಟಾಗ ಕಿಟಕಿಯಿಂದ ಕಂಡಿತು:
ಬೆಂಚಿನ ಮೇಲೆ ಒಂಬತ್ತೂ ಹಾಗೇ,
ಮಗು ಮತ್ತೆ ಬಂದು ನಿಂತಿದೆ.
ಲಾಭ ಅನ್ನು, ಅನ್ನುತ್ತಿದ್ದಳು ಅದಕ್ಕೆ,
ಲಾಭ ಅನ್ನು ಮೊದಲು.