ಹಿಂಗೋಡೆಯ ಕಿವಿ

ಎಂಟನೇ ಕ್ಲಾಸು, ರಿಸೆಸ್ಸಿಗೆ ಮೊದಲಿನ ಪಿರಿಯಡ್ಡು.
ಕಿಟಕಿಯಾಚೆ ಕಾಂಪೌಂಡಿಗೆ ಕಲ್ಲು ಕೂರಿಸುತ್ತಿದ್ದಾನೆ ದಾಸಭೋವಿ,
ಟಣ್ ಟಣ್, ನಡುವೆ ಒಂದು ಕೆಮ್ಮು.
ದುರ್ಗದ ಬಿಸಿಲು ಬಂಡೆಯಿಂದ ಬಂಡೆಗೆ ಪುಟಿದು
ಕರಿಹಲಗೆಯ ಮೇಲೆ ಬಿದ್ದಿದೆ,
ಬರೆದದ್ದು ಹಿಂದಿನ ಬೆಂಚಿಗೆ ಕಾಣುವುದಿಲ್ಲ.

ಕಾಣದಿದ್ದರೆ ಕೇಳಿ, ಎನ್ನುತ್ತೇನೆ.
ಈಜಿಪ್ಟಿನವರ ಗುಡಿ ಜನ ಸೇರುವ ಜಾಗವಲ್ಲ,
ದೇವರ ಮನೆ. ಬರೀ ಮನೆ.
ರಾತ್ರಿ ನಕ್ಷತ್ರ ನೋಡಿ, ಹಗ್ಗ ಎಳೆದು
ರಾಜನೇ ಗೂಟ ಹೊಡೆಯಬೇಕು.
ಆಮೇಲೆ ರಾಜ ಮಲಗಬಹುದು;
ಮಣ್ಣಿನ ಇಳಿಜಾರು ಪೇರಿಸಿ ಕಲ್ಲೆಳೆಯುವವರು ಬೇರೆ.
ಕಂಬವೆಂದರೆ ಅಲ್ಲಿ ಕಂಬವಲ್ಲ, ಜೊಂಡು.
ಲೋಕಕ್ಕೆ ಮೊದಲು ಬರೀ ನೀರಿತ್ತಂತೆ,
ನೀರೊಳಗಿಂದ ಒಂದು ದಿಬ್ಬ ಎದ್ದಿತಂತೆ,
ಸುತ್ತ ಜೊಂಡು ಬೆಳೆಯಿತಂತೆ.
ಆ ಮೊದಲ ಬೆಳಗನ್ನೇ ಕಲ್ಲಲ್ಲಿ ಮತ್ತೆ ಕಟ್ಟಿದ್ದು.
ಒಳಗೆ ಹೋದಂತೆ ನೆಲ ಏರುತ್ತದೆ,
ಸೂರು ತಗ್ಗುತ್ತದೆ,
ಬೊಗಸೆ ಬೆಳಕು ಚಿಟಿಕೆಯಾಗಿ
ಕೊನೆಯ ಕೋಣೆಗೆ ಅದೂ ಇಲ್ಲ.

ಬೆಳಿಗ್ಗೆ ಪೂಜಾರಿ ಬಾಗಿಲ ಜೇಡಿಮುದ್ರೆ ಒಡೆದು
ದೇವರನ್ನು ಎಬ್ಬಿಸುತ್ತಾನೆ, ಮೈ ಒರೆಸಿ ಬಟ್ಟೆ ಉಡಿಸುತ್ತಾನೆ,
ರೊಟ್ಟಿ, ಬಾತುಕೋಳಿ, ಈರುಳ್ಳಿ ಇಡುತ್ತಾನೆ.
ಒಂದು ದಿನ ತಪ್ಪಿದರೆ
ಹೊಳೆ ಬಾರದು, ಹೊತ್ತು ಹುಟ್ಟದು.
ಹೊರಡುವಾಗ ಹಿಂದಕ್ಕೆ ಕಾಲಿಡುತ್ತ
ತನ್ನ ಹೆಜ್ಜೆ ತಾನೇ ಗುಡಿಸಿಕೊಂಡು ಬರುತ್ತಾನೆ.

"ಮತ್ತೆ ಊರಿನ ಜನ, ಮಿಸ್?" ಮುಬೀನಾ.

ಜನಕ್ಕೆ ಅಂಗಳವೇ ಕೊನೆ.
ಆದರೆ ಕೆಲವು ಗುಡಿಗಳ ಬೆನ್ನಿಗೆ,
ಆ ಕತ್ತಲ ಕೋಣೆಯ ಹಿಂಗೋಡೆಯ ಹೊರಮೈಗೆ
ಕಿವಿ ಕೆತ್ತಿದ್ದರು. ದೇವರ ಕಿವಿ.
ಒಳಗೆ ಬಿಡದವರು ಅಲ್ಲಿ ನಿಂತು
ಹಲ್ಲುನೋವು, ನಿಲ್ಲದ ಬಸಿರು, ಕಳೆದ ಕತ್ತೆ
ಎಲ್ಲ ಹೇಳಿಕೊಂಡು ಹೋಗಬಹುದಿತ್ತು.

"ಗೋಡೆಗೂ ಕಿವಿ ಅಂದ್ರೆ ಇದೇನಾ!" ಕ್ಲಾಸು ನಕ್ಕಿತು.
ನಗು ಮುಗಿದಾಗ ಗೊತ್ತಾಯಿತು
ಹೊರಗೆ ಸುತ್ತಿಗೆ ನಿಂತು ಬಹಳ ಹೊತ್ತಾಗಿದೆ.

ಬೆಲ್ಲಾಯಿತು. ದಾಸಭೋವಿ ಕಿಟಕಿಗೆ ಬಂದ,
ರೆಪ್ಪೆಯ ಮೇಲೆ ಕಲ್ಲಿನ ಹಿಟ್ಟು.
"ಒಂದೂರಾಗೆ, ಹೆಸರು ಬ್ಯಾಡ ಮೇಡಂ,
ಗುಡಿ ಹೊಸ್ತಿಲು ನಾನೇ ಹೊಡೆದಿದ್ದು.
ದಾಟಿಲ್ಲ."
ಬೀಡಿಗೆ ಜೇಬು ತಡವಿ, ಸ್ಕೂಲೆಂದು ನೆನಪಾಗಿ, ಕೈ ತೆಗೆದ.
"ಆ ಕಿವಿ ಕೆತ್ತಿದೋನು
ಅದ್ರಾಗೆ ಮೊದ್ಲು ಏನಂದಿರ್ತಾನೆ?"

ಪುಸ್ತಕದಲ್ಲಿ ಇಲ್ಲ ಎಂದೆ.

"ಏನೂ ಅಂದಿರಾಕಿಲ್ಲ. ಊದಿರ್ತಾನೆ.
ತೂತಿನಾಗೆ ಪುಡಿ ನಿಂತಿರ್ತದಲ್ಲ."

ಅರ್ಧವಾರ್ಷಿಕ ಪರೀಕ್ಷೆ. ಎರಡು ಅಂಕದ ಪ್ರಶ್ನೆಗೆ
ಮುಬೀನಾ ಬರೆದಿದ್ದಾಳೆ, ದುಂಡಗೆ:
ಈಜಿಪ್ಟಿನ ದೇವರು ಮೊದಲು ಕೇಳಿದ್ದು
ಒಬ್ಬ ಕಲ್ಲುಕುಟಿಗನ ಉಸಿರು.
ಮಾದರಿ ಉತ್ತರದಲ್ಲಿ ಇದಿಲ್ಲ.
ಕೆಂಪು ಪೆನ್ನು ಹಿಡಿದು ಕೂತಿದ್ದೇನೆ.
ಕಾಂಪೌಂಡು ಮುಗಿದು ತಿಂಗಳಾಯಿತು,
ಹೊರಗೆ ಯಾರೂ ಇಲ್ಲ, ಕೆಮ್ಮಿಲ್ಲ.